ಒಡ್ಡಿನ ಮೇಲೆ ಎರಡು ಮೊಳ ನೀರು

ಮಾಲಿಂಗನಿಗೆ ಆ ದಿನ ಬೆಳಗಿನಿಂದಲೇ ತಲೆ ಕೆಟ್ಟಿತ್ತು. ಇಂಜಿನ್ ರಿಪೇರಿಗೆ ಕೊಟ್ಟು ಇಪ್ಪತ್ತಾರು ದಿನವಾಗಿತ್ತು. ಎರಡು ದಿನದಲ್ಲಿ ಬರುತ್ತೇನೆಂದು ಹೋದ ಹೆಂಡತಿ ಹತ್ತು ದಿನವಾದರೂ ಬಂದಿರಲಿಲ್ಲ. ಗಾಳಿಯೋ, ಬೀಸಿದರೆ ಬೇಡವಾದ ದಿಕ್ಕಿನಿಂದಲೇ ಬೀಸುತ್ತಿತ್ತು. ಅವನು ಪುಟ್ಟ ತೆಪ್ಪದಲ್ಲಿ ಕೂತು, ನೀರಲ್ಲಿ ಮುಳುಗಿದ್ದ ಕಲ್ಲಿನ ಒಡ್ಡಿನ ಹತ್ತಿರ ಹೋಗಿ, ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು ಎಳೆದು ಮೊಳ ಹಾಕಿ ನೋಡಿದ. ಎರಡೂವರೆ. ನಿನ್ನೆ ಇದ್ದಷ್ಟೇ ಇತ್ತು. ಎರಡಕ್ಕಿಂತ ಕೆಳಗೆ ಇಳಿಯಿತೆಂದರೆ ಮುಗಿಯಿತು, ಈ ವರ್ಷವೂ ಅವನ ಮನೆ ಕೆಸರಿನಲ್ಲಿ ಕೂರುತ್ತಿತ್ತು.

ಮನೆ ಎಂದರೆ ದೋಣಿ. ಹಿಡಕಲ್ ಡ್ಯಾಮಿನ ಹಿನ್ನೀರಿನ ಒಂದು ಮೂಲೆಯಲ್ಲಿ ನಿಂತಿದ್ದ ಅದು ಮೂವತ್ತು ಅಡಿ ಉದ್ದದ ಎರಡು ಸಪೂರ ಒಡಲುಗಳನ್ನು ಅಡ್ಡತೊಲೆಗಳಿಗೆ ಹಗ್ಗದಿಂದ ಬಿಗಿದು, ನಡುವೆ ಹಲಗೆ ಹಾಸಿದ ದೋಣಿ. ಬಲಗಡೆಯ ಒಡಲಿನಲ್ಲಿ ಅಡುಗೆ, ಎಡಗಡೆಯದರಲ್ಲಿ ಹಾಸಿಗೆ. ಇದಕ್ಕೆ ಕ್ಯಾಟಮರಾನ್ ಅನ್ನುತ್ತಾರೆಂದು ಮಾಲಿಂಗ ಸಿಕ್ಕವರಿಗೆಲ್ಲ ಹೇಳಿ ಹೇಳಿ ಸೋತಿದ್ದ. ಊರವರು ಅದನ್ನು ಜೋಡದೋಣಿ ಎಂದು ಕರೆದು ಕೈತೊಳೆದುಕೊಂಡಿದ್ದರು. ಮಸಗುಪ್ಪಿಯ ಕುರುಬರ ಹುಡುಗನಾದ ಅವನು ಗೋವಾಕ್ಕೆ ಹೋಗಿ ದೋಣಿ ಕಟ್ಟುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಫೈಬರ್ ಮೆತ್ತುವ ಕೆಲಸ ಮಾಡಿದ್ದ. ಈ ದೋಣಿಯಲ್ಲೇ ಹದಿನೈದು ವರ್ಷ ಸಂಸಾರ ಮಾಡಿ ಸಮುದ್ರ ಸುತ್ತಿ ಬಂದಿದ್ದ ಮುದುಕ ಮುದುಕಿ, ಬಿಳಿಯರು, ಮುದುಕನ ಮೊಳಕಾಲು ಕೈಕೊಟ್ಟಾಗ ದೋಣಿಯನ್ನು ಅವನಿಗೇ ಬಿಟ್ಟು ವಿಮಾನ ಹತ್ತಿದ್ದರು. ಮೂರು ಸಲ ಅದರ ತಳ ರಿಪೇರಿ ಮಾಡಿದವನು ಅವನೇ. ಸಮುದ್ರದ ಮೇಲೆ ತಾನು ಇರಲಾರೆ ಎಂದು ಹೆಂಡತಿ ಕಸ್ತೂರಿ ಹಟ ಹಿಡಿದಳು. ಹಾಗಾದರೆ ನಮ್ಮೂರ ಹತ್ತಿರದ ನೀರೇ ಆಗಲಿ ಎಂದು ಮಾಲಿಂಗ ಹಗ್ಗ ಬಿಚ್ಚಿ, ಒಡಲುಗಳನ್ನು ಎರಡು ಲಾರಿಯಲ್ಲಿ ಹೇರಿಕೊಂಡು ಘಟ್ಟ ಹತ್ತಿ ಬಂದ. ಯಮಕನಮರಡಿಯ ಹೆದ್ದಾರಿಯಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು ಎದ್ದು ನಿಂತು ನೋಡಿದ್ದರು. ನೀರಿಗಿಳಿಸುವ ದಿನ ಎರಡೂ ಮೂತಿಗಳಿಗೆ ಭಂಡಾರದ ಅರಿಸಿನ ಹಚ್ಚಿ ಕಾಯಿ ಒಡೆದಾಗ ಮಾಲಿಂಗನಿಗೆ ತಾನು ದೊಡ್ಡ ಸಾಹುಕಾರನೇ ಆದೆನೆಂದು ಅನ್ನಿಸಿತ್ತು.

ಕಸ್ತೂರಿಗೆ ಹಾಗೇನೂ ಅನ್ನಿಸಲಿಲ್ಲ. ಅವಳ ತಂದೆ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಎಂಟು ತಿಂಗಳು ಊರೂರು ಅಲೆದವನು. "ಸಣ್ಣಾಕಿ ಇದ್ದಾಗ ಕುದರಿ ಮ್ಯಾಲ ಸಂಸಾರ ಹೇರಕೊಂಡ ತಿರಗೇನಿ, ಈಗ ನೀರ ಮ್ಯಾಲ. ನನ್ನ ಹಣ್ಯಾಗ ಗ್ವಾಡಿ ಇರೂ ಮನಿ ಬರದಿಲ್ಲ ಬಿಡ್ರಿ" ಎಂದಿದ್ದಳು. ಆದರೂ ಬಂದಳು. ರೊಟ್ಟಿ ಬಡಿಯುವಾಗ ದೋಣಿ ಅಲ್ಲಾಡದಂತೆ ಎಲ್ಲಿ ಕೂರಬೇಕೆಂದು ಎರಡೇ ದಿನದಲ್ಲಿ ಕಲಿತಳು. ಲಂಗರು ಎತ್ತಲು, ಗಳ ಹಾಕಲು, ಹಾಯಿ ಮಡಚಲು ಕಲಿತಳು. ಬೈಯುತ್ತಲೇ ಕಲಿತಳು.

ಎಡವಟ್ಟಾದದ್ದು ಹೋದ ವರ್ಷ. ಗೋವಾದ ಖಾಡಿಯಲ್ಲಿ, ಸಮುದ್ರದ ಉಬ್ಬರವಿಳಿತದ ನೀರಿನಲ್ಲಿ, ಬದುಕಿದವನಿಗೆ ನೀರು ಇಳಿಯುವುದು ಹೊಸದಲ್ಲ. ಅಲ್ಲಿ ಇಳಿದ ನೀರು ಆರು ತಾಸಿಗೆ ಏರುತ್ತದೆ. ಈ ಜಾತಿಯ ದೋಣಿ ಮಗ್ಗುಲಿಗೆ ಬೀಳದೆ ಎರಡು ಒಡಲಿನ ಮೇಲೆ ನೆಟ್ಟಗೆ ಕೂತು ಕಾಯುತ್ತದೆ. ಆ ಗುಂಗಿನಲ್ಲೇ ಮಾಲಿಂಗ ಇಲ್ಲಿಯೂ ನೀರು ಇಳಿಯುವುದನ್ನು ನೋಡುತ್ತ ಆರಾಮಾಗಿ ಕೂತುಬಿಟ್ಟ. ಡ್ಯಾಮಿನ ನೀರು ಇಳಿದರೆ ಏರುವುದು ಆಷಾಢದಲ್ಲಿ ಎಂಬುದು ಅದೇ ಜಿಲ್ಲೆಯಲ್ಲಿ ಹುಟ್ಟಿದವನಿಗೇ ಹೊಳೆಯಲಿಲ್ಲ. ಅದೂ ಎಂಥ ನೀರು! ಅವನ ದೋಣಿಯ ತಳದಿಂದ ಹೋದ ನೀರು ಕಾಲುವೆಯಲ್ಲಿ ಹರಿದು ಮೂಡಲಗಿ ಕಡೆ ಹೋಗಿ, ಮಸಗುಪ್ಪಿಯಲ್ಲಿ ಅವನ ತಮ್ಮ ಯಲ್ಲೇಶ ನೋಡಿಕೊಳ್ಳುತ್ತಿದ್ದ ಅವನದೇ ಎರಡೆಕರೆ ಕಬ್ಬಿಗೆ ಬೀಳುತ್ತಿತ್ತು. "ಅಣ್ಣಾ, ಕಾಲವ್ಯಾಗ ನೀರ ಬಂತೊ!" ಎಂದು ಯಲ್ಲೇಶ ಫೋನಿನಲ್ಲಿ ಕುಣಿದಾಡಿದ ದಿನವೇ ದೋಣಿ ಕೆಸರಿನಲ್ಲಿ ಕೂತಿತ್ತು.

ಕೂತದ್ದು ಅಪ್ಪಣ್ಣನ ಹೊಲದಲ್ಲಿ. ಡ್ಯಾಮು ಕಟ್ಟಿದಾಗ ಮುಳುಗಿದ ಹೊಲಗಳಿಗೆ ಕಾಗದದಲ್ಲಿ ಯಾರೂ ಮಾಲೀಕರಿಲ್ಲ. ಆದರೆ ನೀರು ಹಿಂದೆ ಸರಿದಂತೆ ಹಳೆಯ ಮನೆತನದವರೆಲ್ಲ ತಮ್ಮ ತಮ್ಮ ಹೊಲಕ್ಕೇ ಬಂದು ಬಿತ್ತುತ್ತಾರೆ, ಒಬ್ಬರ ಬದುವನ್ನು ಇನ್ನೊಬ್ಬರು ದಾಟುವುದಿಲ್ಲ. ಎಪ್ಪತ್ತು ದಾಟಿದ ಅಪ್ಪಣ್ಣ ಎತ್ತು ಹೊಡೆದುಕೊಂಡು ಬಂದವನು ಸೊಂಟಕ್ಕೆ ಕೈಯಿಟ್ಟು ನಿಂತು, "ನಮ್ಮಪ್ಪನ ಹೊಲದಾಗ ಮನಿ ಕಟ್ಟೀಯಲ್ಲೊ ತಮ್ಮಾ" ಎಂದ. ಆಮೇಲೆ ದೋಣಿಯ ಸುತ್ತ ನೇಗಿಲು ಹೊಡೆದು ಗೋವಿನಜೋಳ ಬಿತ್ತಿದ. ನಾಲ್ಕು ತಿಂಗಳು ಕಸ್ತೂರಿ ಕೊಡ ಹೊತ್ತು ಕೆಸರಿನಲ್ಲಿ ಅರ್ಧ ಮೈಲಿ ನಡೆದಳು. ಹಲಗೆಯ ಕೆಳಗೆ ನೆರಳಿದೆಯೆಂದು ಊರ ಆಡುಗಳೆಲ್ಲ ಅಲ್ಲೇ ಮಲಗಿದವು. ಹುಕ್ಕೇರಿಯಿಂದ ಜನ ಮೋಟರ್‌ಸೈಕಲ್ಲಿನಲ್ಲಿ ಬಂದು ಹೇಳದೆ ಕೇಳದೆ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡರು. ಒಬ್ಬ ಅವಳ ಒಲೆಯ ಮುಂದೆಯೇ ನಿಂತು ತೆಗೆಸಿಕೊಂಡ. ಆ ದಿನ ಕಸ್ತೂರಿ ಒಂದೇ ಮಾತು ಹೇಳಿದ್ದಳು.

"ಇನ್ನೊಮ್ಮೆ ಇದು ಕೆಸರಿನ್ಯಾಗ ಕುಂತ್ರ ನಾ ಇದರ ಮ್ಯಾಲ ಇರಂಗಿಲ್ಲ. ಮಸಗುಪ್ಪಿಗೆ ಹ್ವಾದಾಕಿ ಮತ್ತ ಬರಂಗಿಲ್ಲ. ಖರೇನ ಹೇಳಾಕತ್ತೇನಿ."

ಅವಳು ಸಿಟ್ಟಿನಲ್ಲಿ ಹೇಳಿದ್ದರೆ ಮಾಲಿಂಗ ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದಳು.

ಆದ್ದರಿಂದ ಈ ವರ್ಷ ಸಂಕ್ರಾಂತಿಗೇ ದೋಣಿಯನ್ನು ಹಳೆಯ ಹೊಳೆಯ ಪಾತ್ರಕ್ಕೆ, ಬೇಸಿಗೆಯಲ್ಲೂ ಆಳ ನೀರಿರುವ ಜಾಗಕ್ಕೆ ಒಯ್ಯಬೇಕೆಂದಿದ್ದ. ಮಧ್ಯೆ ಒಂದೇ ತೊಡಕು. ಅಪ್ಪಣ್ಣನ ಮುತ್ತಜ್ಜ ಹಾಕಿಸಿದ ಕಲ್ಲಿನ ಒಡ್ಡು ಆ ಮೂಲೆಗೆ ಬಾಗಿಲಿನಂತೆ ಅಡ್ಡ ನಿಂತಿತ್ತು. ಅದು ಒಂದು ಕಡೆ ಕುಸಿದಿದ್ದು, ಅಲ್ಲಿ ಎರಡು ಮೊಳ ನೀರಿದ್ದರೆ ದೋಣಿ ನುಸುಳಬಹುದಿತ್ತು. ಸಂಕ್ರಾಂತಿಯ ಮುನ್ನಾದಿನ ಇಂಜಿನ್ ಕೆಮ್ಮಿ ನಿಂತಿತು. ಯಮಕನಮರಡಿಯ ಶ್ರೀಶೈಲ ಪಂಪ್‌ಸೆಟ್ ರಿಪೇರಿಯಲ್ಲಿ ಹೆಸರು ಮಾಡಿದವನು, "ಇಂಜಿನ್ ಅಂದ್ರ ಇಂಜಿನ್ ಬಿಡ್ರಿ" ಎಂದು ಧೈರ್ಯವಾಗಿ ಬಿಚ್ಚಿದ. ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ನೀರು ಎಳೆಯುವ ಸಣ್ಣ ರಬ್ಬರ್ ಚಕ್ರವೊಂದು ಹರಿದಿತ್ತು, ಅದು ಎಲ್ಲೂ ಸಿಗುತ್ತಿರಲಿಲ್ಲ.

ಇಂಜಿನ್ ಇಲ್ಲದೆಯೂ ದಾಟಿಸಬಹುದಿತ್ತು. ಇಂದೋ ನಾಳೆಯೋ ಇಂಜಿನ್ ಬರುತ್ತದೆಂದು ನಂಬಿ, ಕಸ್ತೂರಿ ಇದ್ದಾಗ ಆ ಕಷ್ಟಕ್ಕೆ ಕೈಹಾಕಿರಲಿಲ್ಲ. ಲಂಗರನ್ನು ತೆಪ್ಪದಲ್ಲಿ ಮುಂದಕ್ಕೆ ಒಯ್ದು ಮುಳುಗಿಸಿ, ದೋಣಿಯ ಮೇಲೆ ನಿಂತು ಅದರ ಹಗ್ಗ ಎಳೆದರೆ ದೋಣಿ ತಾನೇ ಮುಂದೆ ಸರಿಯುತ್ತದೆ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಉದ್ದ ಗಳ ಹಿಡಿದು ಒಡಲು ಕಲ್ಲಿಗೆ ತಾಗದಂತೆ ದೂಡಬೇಕು. ಆ ಇನ್ನೊಬ್ಬಳು, ಕಸ್ತೂರಿ, ಯಲ್ಲೇಶನ ಬಸುರಿ ಮಗಳು ಭಾಗ್ಯಾಳ ಕುಬಸವೆಂದು, ಸೀಮಂತವೆಂದು, ಮಸಗುಪ್ಪಿಗೆ ಹೋಗಿ ಕೂತಿದ್ದಳು. ಫೋನ್ ಮಾಡಿದರೆ "ನಾಳೆ ಬರ್ತೇನಿ" ಎನ್ನುತ್ತಿದ್ದಳು. ಶ್ರೀಶೈಲನೂ ನಾಳೆ ಎನ್ನುತ್ತಿದ್ದ. ಈ ನಾಳೆಗಳನ್ನು ಕೇಳಿ ಕೇಳಿ ಮಾಲಿಂಗನ ಮೈ ಉರಿಯುತ್ತಿತ್ತು. ಕಾಲುವೆಗೆ ನೀರು ಬಿಡಲು ಇನ್ನೂ ಎಂಟು ಹತ್ತು ದಿನ ಇದೆಯೆಂದು ಎಲ್ಲರೂ ಹೇಳುತ್ತಿದ್ದರು. ಅದೊಂದೇ ಅವನ ಆಸರೆ.

ಆ ಬೆಳಿಗ್ಗೆ ಶ್ರೀಶೈಲ ಫೋನ್ ಮಾಡಿ, "ಗೋಕಾಕದಾಗ ಒಂದ ಅಂಗಡ್ಯಾಗ ಐತಂತ್ರಿ ಮಾಲಿಂಗಣ್ಣಾ, ನೀವ ಹೋಗಿ ತಂದಬಿಡ್ರಿ" ಎಂದ. ಇಪ್ಪತ್ತಾರು ದಿನದ ನಂತರ! ಮಾಲಿಂಗ ಅಂಗಿ ಸಿಕ್ಕಿಸಿಕೊಂಡು ದಂಡೆಗೆ ಬಂದು ಬಸ್ಸು ಹಿಡಿದ.

ಅಂಕಲಗಿ ದಾಟಿ, ಗೋಕಾಕ ಇನ್ನೇನು ಬಂತು ಎನ್ನುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಲಾರಿ, ಟ್ರ್ಯಾಕ್ಟರ್, ಕಬ್ಬಿನ ಗಾಡಿ. ರಸ್ತೆಯ ನಡುವೆ ಜಮಖಾನೆ ಹಾಸಿಕೊಂಡು ನೂರಾರು ರೈತರು ಕೂತಿದ್ದರು, ಕೊರಳಲ್ಲಿ ಹಸಿರು ಶಾಲು. ಕಾಲುವೆಗೆ ನೀರು ಬಿಡಿ ಎಂಬ ಕೂಗು ಬಸ್ಸಿನೊಳಗೂ ಕೇಳಿಸಿತು. ಮಾಲಿಂಗ ಹಣೆ ಚಚ್ಚಿಕೊಂಡ. ಇಳಿದು ನಡೆದೇ ಹೋಗೋಣವೆಂದು ಮುಂದೆ ಬಂದರೆ, ಮೈಕು ಹಿಡಿದು ಒದರುತ್ತಿದ್ದವನು ಯಲ್ಲೇಶ. ಹೆಂಗಸರ ಎರಡನೆಯ ಸಾಲಿನಲ್ಲಿ ಹಸಿರು ಶಾಲು ಹೊದ್ದು ಕೂತಿದ್ದವಳು ಕಸ್ತೂರಿ.

ಅವಳೂ ಅವನನ್ನು ನೋಡಿದಳು. ನೋಡಿ ತಲೆ ತಗ್ಗಿಸಿದಳು. ಮಾಲಿಂಗನಿಗೆ ನಂಬಲಾಗಲಿಲ್ಲ. ತಾನು ಅಲ್ಲಿ ದಿನ ಬೆಳಗಾದರೆ ಮೊಳ ಹಾಕುತ್ತ ಇವಳ ದಾರಿ ಕಾಯುತ್ತಿದ್ದರೆ, ಇವಳಿಲ್ಲಿ ತನ್ನ ತಳದ ನೀರು ಬಿಡಿಸಲು ಕೂತಿದ್ದಾಳೆ!

ನೀರಾವರಿ ಇಲಾಖೆಯ ಸಾಹೇಬರೊಬ್ಬರು ಜೀಪಿನ ಪಕ್ಕ ನಿಂತು ಸಮಾಧಾನ ಹೇಳುತ್ತಿದ್ದರು. "ಡ್ಯಾಮಿನಲ್ಲಿ ನೀರು ಎಷ್ಟಿದೆ ಅಂತ ವರದಿ ಬರಬೇಕು. ಕಡಿಮೆ ಇದ್ದರೆ ಕುಡಿಯೋದಕ್ಕೆ ಇಟ್ಕೋಬೇಕಾಗುತ್ತೆ. ಒಂದು ಎಂಟು ದಿನ ತಡಕೊಳ್ಳಿ."

ಎಂಟು ದಿನ! ಮಾಲಿಂಗನಿಗೆ ಆ ಸಾಹೇಬರ ಕಾಲಿಗೆ ಬೀಳಬೇಕೆನ್ನಿಸಿತು. ಎಂಟು ದಿನದಲ್ಲಿ ಚಕ್ರವೂ ಬರುತ್ತದೆ, ಇಂಜಿನ್ನೂ ಕೂಡುತ್ತದೆ, ದೋಣಿ ಒಡ್ಡು ದಾಟಿ ನಡುನೀರಿಗೆ ಹೋಗುತ್ತದೆ. ಮೆಲ್ಲಗೆ ಬದಿಯಿಂದ ಜಾರಿಕೊಳ್ಳಲು ನೋಡಿದ. ಅಷ್ಟರಲ್ಲಿ ಯಲ್ಲೇಶನ ಕಣ್ಣಿಗೆ ಬಿದ್ದುಬಿಟ್ಟ.

"ಸಾಹೇಬ್ರ, ವರದಿ ಯಾಕ ಬೇಕ್ರಿ? ನಮ್ಮಣ್ಣ ಬಂದಾನ ನೋಡ್ರಿ! ಡ್ಯಾಮಿನ ನೀರ ಮ್ಯಾಲನ ಸಂಸಾರ ಮಾಡಾಂವ. ದಿನಾ ಮುಂಜಾನೆದ್ದ ನೀರ ಅಳೀತಾನ. ಅಂವ ಹೇಳಲಿ, ಎಷ್ಟ ಐತಿ ಅಂತ!"

ಜನ ಹೋ ಎಂದು ಕೂಗಿತು. ನಾಲ್ಕಾರು ಕೈಗಳು ಮಾಲಿಂಗನನ್ನು ಎಳೆದು ಜಮಖಾನೆಯ ಮೇಲೆ ನಿಲ್ಲಿಸಿದವು, ಮೈಕು ಬಾಯಿಗೆ ಬಂತು. ಸಾಹೇಬರೂ ಬೇಸರದಿಂದಲೇ ಅವನ ಕಡೆ ತಿರುಗಿದರು.

ಅವನಿಗೆ ಲೆಕ್ಕ ಬಾಯಿಪಾಠವಿತ್ತು. ಒಂದೇ ಒಂದು ಸುಳ್ಳು ಸಾಕು. ಅಷ್ಟೇನೂ ಇಲ್ಲರಿ ಎಂದರೆ ಮುಗಿಯಿತು. ನೂರಾರು ಜನರಲ್ಲಿ ಯಾರು ಹೋಗಿ ಅಳೆಯುತ್ತಾರೆ? ದೋಣಿ ಉಳಿಯುತ್ತದೆ, ಕಸ್ತೂರಿ ಉಳಿಯುತ್ತಾಳೆ. ಅವಳ ಕಡೆ ನೋಡಿದ. ಈಗ ಅವಳು ತಲೆಯೆತ್ತಿ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು. ಅವಳ ಹಿಂದೆ ಮುಂದೆ ಕೂತವರ ಮುಖಗಳೂ ಅವನಿಗೆ ಗೊತ್ತಿದ್ದವೇ. ಮಸಗುಪ್ಪಿಯ ಬಾಳವ್ವ, ಚಿಕ್ಕಂದಿನಲ್ಲಿ ಅವನಿಗೆ ಮಜ್ಜಿಗೆ ಕೊಟ್ಟವಳು, ಕಿವಿಗೆ ಕೈ ಹಚ್ಚಿಕೊಂಡು ಕಾಯುತ್ತಿದ್ದಳು. ಮಾಲಿಂಗನಿಗೆ ತನ್ನ ಮೇಲೆ, ತಮ್ಮನ ಮೇಲೆ, ಇಡೀ ಜಗತ್ತಿನ ಮೇಲೆ ರೇಗಿಹೋಯಿತು.

"ಐತ್ರಿ" ಎಂದ. ಮೈಕು ಕಿರ್ರೆಂದಿತು. "ಹಳೇ ಹೊಳಿ ಪಾತ್ರದಾಗ ಹನ್ನೊಂದ ಮಾರು ಐತಿ. ಹ್ವಾದ ವರ್ಷ ಇದ ಹೊತ್ತಿನ್ಯಾಗ ಒಂಬತ್ತೂವರಿ ಇತ್ತು. ಹ್ವಾದ ವರ್ಷ ಒಂಬತ್ತೂವರಿಗೇ ನೀರ ಬಿಟ್ಟಿದ್ರಿ."

"ನಿಮ್ಮ ಮಾರು ಅಂದರೆ ಎಷ್ಟು ಅಡಿ?" ಎಂದು ಸಾಹೇಬರು ಕೇಳಿದರು. ಮಾಲಿಂಗ ಎರಡೂ ತೋಳು ಚಾಚಿ ತೋರಿಸಿದ. ಆ ಭಂಗಿಯಲ್ಲಿ ಅವನು ನಿಂತಿರುವಾಗಲೇ ಜನ ಸಿಳ್ಳೆ ಹಾಕಿ ಎದ್ದರು. ಸಾಹೇಬರು ಜೀಪಿನ ಹಿಂದೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿ ಬಂದು, ನಾಳೆ ಮುಂಜಾನೆ ನೀರು ಬಿಡುತ್ತೇವೆ ಎಂದರು. ಯಲ್ಲೇಶ ಅಣ್ಣನನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ.

ಜನ ಚದುರಿದ ಮೇಲೆ ಮಾಲಿಂಗ ಕಸ್ತೂರಿಯನ್ನು ರಸ್ತೆ ಬದಿಗೆ ಕರೆದ.

"ಕುಬಸಕ್ಕ ಹೋಗೇನಿ ಅಂದಿದ್ದಿ."

"ಕುಬಸಾನೂ ಆತು."

"ದೋಣಿ ಕೆಸರಿಗೆ ಬೀಳಲಿ ಅಂತ ಬಂದ ಕುಂತೀಯೇನ ಇಲ್ಲಿ?"

"ನಿಮ್ಮದ ಎರಡೆಕರೆ ಕಬ್ಬು ಅದು. ಎಲಿ ಸುರುಳಿ ಸುತ್ತಾಕತ್ತೈತಿ. ಒಮ್ಮೆರೆ ಬಂದ ನೋಡೀರೇನು? ನಾ ನೋಡೇನಿ, ನೋಡಿ ಸುಮ್ಮನ ಬರಾಕ ಆಗಲಿಲ್ಲ."

"ಆತು. ಈಗ ಬಾ. ಒಡ್ಡಿನ ಮ್ಯಾಲ ಇನ್ನೂ ಎರಡೂವರಿ ಮೊಳ ಐತಿ. ಎರಡ ದಿನ ಸಾಕು, ಇಬ್ಬರೂ ಕೂಡಿ ಎಳದರ ದಾಟತೈತಿ."

ಕಸ್ತೂರಿ ಶಾಲನ್ನು ಮಡಚುತ್ತ ನಿಂತಳು. "ಹೊಲಗಾಲವಿ ತುಂಬ ಕಸ ಬೆಳದೈತಿ. ಇವತ್ತ, ನಾಳೆ ತಗೀಬೇಕು. ನಾಡದು ನಮ್ಮ ಪಾಳಿ. ಪಾಳಿ ತಪ್ಪಿದ್ರ ಮತ್ತ ಹದಿನೈದ ದಿನ. ನಿಮ್ಮ ತಮ್ಮ ಒಬ್ಬಾವನ ಏನೇನ ಮಾಡಾಂವ?"

"ಅಂದ್ರ ನೀ ಬರಂಗಿಲ್ಲ!"

"ಒದರಬ್ಯಾಡ್ರಿ. ಮಂದಿ ನೋಡಾಕತ್ತೈತಿ."

ಅವನು ಒದರಿದ. ಏನು ಒದರಿದನೋ ಅವನಿಗೇ ನೆನಪಿಲ್ಲ. ತಿರುಗಿ ನೋಡದೆ ಊರೊಳಗೆ ನಡೆದ. ಅಂಗಡಿಯಲ್ಲಿ ಚಕ್ರವೇನೋ ಸಿಕ್ಕಿತು. ಸಂಜೆ ಯಮಕನಮರಡಿಯಲ್ಲಿ ಶ್ರೀಶೈಲ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಪಂಪಿಂದ್ರಿ. ಒಂದ ನೂಲ ದೊಡ್ಡದ ಐತಿ" ಎಂದ. ಒಂದು ನೂಲು, ಇಂಚಿನ ಎಂಟನೇ ಒಂದು ಭಾಗ! ಮಾಲಿಂಗ ಅದನ್ನು ಹೆದ್ದಾರಿಗೆ ಬೀಸಿ ಒಗೆದ.

ಮರುದಿನ ಡ್ಯಾಮಿನ ಬಾಗಿಲು ತೆರೆಯಿತು. ಅಪ್ಪಣ್ಣ ತಾನಾಗಿಯೇ ಬಂದ. ಹೊಲ ಖಾಲಿಯಾಗಲಿ ಎಂಬುದು ಅವನ ಸ್ವಾರ್ಥ, ಆದರೂ ಎಪ್ಪತ್ತರ ಮುದುಕ ಗಳ ಹಿಡಿಯಲು ಬಂದದ್ದು ದೊಡ್ಡದೇ. ಮಾಲಿಂಗ ಲಂಗರಿನ ಹಗ್ಗ ಎಳೆದ. ಅಂಗೈ ಸುಲಿಯುವವರೆಗೆ ಎಳೆದ. ದೋಣಿ ಒಂದೊಂದೇ ಗೇಣು ಸರಿದು ಒಡ್ಡು ಕುಸಿದ ಜಾಗಕ್ಕೆ ಮೂತಿ ಹಾಕಿತು. ಆಗ ಎದುರುಗಾಳಿ ಒಮ್ಮೆಲೇ ನುಗ್ಗಿತು.

"ಎಡಕ್ಕ ಒತ್ತರಿ ಕಾಕಾ! ಎಡಕ್ಕ!"

ಅಪ್ಪಣ್ಣ ಜೀವ ಬಿಟ್ಟು ಒತ್ತಿದ. ಎತ್ತು ಹೂಡಿ ಬಾಳಿದವನಿಗೆ ಎಡಬಲ ಗೊತ್ತಿಲ್ಲವೆಂದಲ್ಲ. ಆದರೆ ಎಡಕ್ಕೆ ಒತ್ತಿದರೆ ದೋಣಿ ಬಲಕ್ಕೆ ಹೋಗುತ್ತದೆ, ಯಾವಾಗ ಒತ್ತಬೇಕು, ಯಾವಾಗ ಗಳ ಕಿತ್ತುಕೊಳ್ಳಬೇಕು ಎಂಬುದು ಕೈಗೆ ಬರಲು ವರ್ಷ ಬೇಕು. ಬಲದ ಒಡಲು ಗರಗರನೆ ಕಲ್ಲು ಹತ್ತಿತು. ಇಬ್ಬರೂ ಕುತ್ತಿಗೆಮಟ್ಟ ನೀರಿಗಿಳಿದು ಅದನ್ನು ಹಿಂದಕ್ಕೆ ಬಿಡಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅವಳಿದ್ದಿದ್ದರೆ ಬಾಯಿ ತೆರೆಯುವ ಮೊದಲೇ ಗಳ ಸರಿಯಾದ ಕಡೆ ಬೀಳುತ್ತಿತ್ತು ಎಂದು ಮಾಲಿಂಗ ಹಲ್ಲು ಕಡಿದ. ಮೂರನೆಯ ದಿನ ಮೊಳ ಹಾಕಿದರೆ ಒಡ್ಡಿನ ಮೇಲೆ ಎರಡಕ್ಕೆ ನಾಲ್ಕು ಬೆರಳು ಕಡಿಮೆ. ಏಳನೆಯ ದಿನ ದೋಣಿ ಅಪ್ಪಣ್ಣನ ಹೊಲದಲ್ಲಿ, ಹೋದ ವರ್ಷ ಕೂತ ಜಾಗದಿಂದ ಹತ್ತು ಹೆಜ್ಜೆ ಆಚೆ, ನೆಟ್ಟಗೆ ಕೂತಿತು.

ಮಾಲಿಂಗ ಯಾರಿಗೂ ಫೋನ್ ಮಾಡಲಿಲ್ಲ. ಕಸ್ತೂರಿಯ ಟ್ರಂಕನ್ನು ಹೊರಗೆಳೆದು ಅವಳ ಸೀರೆ, ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಕನ್ನಡಿ, ಎಲ್ಲವನ್ನೂ ತುಂಬಿ ಏಣಿಯ ಪಕ್ಕ ಇಟ್ಟ. ಬಂದವಳು ಕೇಳುವ ಮೊದಲೇ ಕೊಟ್ಟು ಕಳಿಸಿದರೆ ತನ್ನ ಮಾನವಾದರೂ ಉಳಿಯುತ್ತದೆ. ಬಯ್ಯಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ.

ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಬಂದಳು. ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿಯುತ್ತ, ದೂರದಿಂದಲೇ ಬೈಯುತ್ತ ಬಂದಳು.

"ಅರ್ಧಾ ಹೊಲಕ್ಕ ಮುಟ್ಟಿಲ್ಲರಿ! ಕಾಲವಿ ಮ್ಯಾಗಿನವ್ರು ನಮ್ಮ ಪಾಳ್ಯಾಗ ನೀರ ತಿರುವಿಕೊಂಡಬಿಟ್ಟಾರ. ಎರಡ ದಿನ, ಎರಡ ರಾತ್ರಿ ಸಲಿಕಿ ಹಿಡದ ನಿಂತೇವಿ, ನಾನು, ನಿಮ್ಮ ತಮ್ಮ. ಒಂದೆಕರೆ ತೊಯ್ತು, ಒಂದೆಕರೆ ಹಂಗ ಉಳೀತು. ರಸ್ತೇದಾಗ ಕುಂತದ್ದು ನಾವು, ನೀರ ಉಂಡವರು ಅವರು!"

ಸೀರೆಯ ಅಂಚಿನಲ್ಲಿ ಕಬ್ಬಿನ ಹೊಲದ ಕರಿ ಮಣ್ಣು ಒಣಗಿ ಬಿರಿದಿತ್ತು, ಅದರ ಮೇಲೆ ಇಲ್ಲಿಯ ಹಸಿ ಕೆಸರು ಹತ್ತಿತ್ತು. ಅವಳು ಏಣಿ ಹತ್ತಿ ನಿಂತಳು. ಟ್ರಂಕು ಕಾಲಿಗೆ ತಾಗಿತು.

"ಇದ್ಯಾಕ ಇಲ್ಲೈತಿ?"

"ತುಂಬಿ ಇಟ್ಟೇನಿ. ತಗೊಂಡ ಹೋಗು" ಎಂದ ಮಾಲಿಂಗ. "ನೀನ ಹೇಳಿದ್ದಿ, ಮತ್ತೊಮ್ಮೆ ಕೆಸರಿನ್ಯಾಗ ಕುಂತ್ರ ಇರಂಗಿಲ್ಲ ಅಂತ. ಕುಂತೈತಿ. ಕಬ್ಬೂ ಹಾಳಾತು, ದೋಣೀನೂ ಹಾಳಾತು. ನಾ ಸುಮ್ಮನ ಬಾಯಿ ಮುಚಗೊಂಡ ನಿಂತಿದ್ರ ಒಂದರೆ ಉಳೀತಿತ್ತು."

ಕಸ್ತೂರಿ ಅವನ ಅಂಗೈ ನೋಡಿದಳು. ಹಗ್ಗ ಎಳೆದು ಸುಲಿದ ಗಾಯ ಇನ್ನೂ ಮಾಗಿರಲಿಲ್ಲ. ಆಮೇಲೆ ಟ್ರಂಕಿನ ಮೇಲೆಯೇ ಕೂತಳು.

"ಮೈಕ್ ಕೈಯಾಗ ಬಂದಾಗ ನೀವು ನನ್ನ ಮಾರಿ ನೋಡಿದ್ರಿ. ಏನ ವಿಚಾರ ಮಾಡಾಕತ್ತೀರಿ ಅಂತ ನನಗ ಗೊತ್ತಾತು. ಇಪ್ಪತ್ತೆಂಟ ವರ್ಷ ಬಾಳೆ ಮಾಡೇನಿ. ನೀರಿಲ್ರಿ ಅಂತ ಒಂದ ಮಾತ ಅಂದಿದ್ರ ದೋಣಿ ಈಗ ನಡುನೀರಿನ್ಯಾಗ ಇರತಿತ್ತು. ಆದ್ರ ನಾ ಬರತಿದ್ದಿಲ್ಲ. ಅಷ್ಟೂ ಮಂದಿ ಮುಂದ ಸುಳ್ಳ ಹೇಳಿದವನ ಜೋಡಿ ನಾ ಯಾವ ನೀರಿನ ಮ್ಯಾಲೂ ಇರತಿದ್ದಿಲ್ಲ."

ಜೋಡಿಸಿಟ್ಟ ಬೈಗುಳದಲ್ಲಿ ಒಂದೂ ಮಾಲಿಂಗನಿಗೆ ನೆನಪಾಗಲಿಲ್ಲ. ಅಳು ಬಂತು, ಗಂಡಸು ಅಳಬಾರದೆಂದು ಅತ್ತ ಮುಖ ಮಾಡಿ ನಿಂತ. ದೂರದಲ್ಲಿ ಅಪ್ಪಣ್ಣ ಎತ್ತು ಹೊಡೆದುಕೊಂಡು ಬರುತ್ತಿದ್ದ.

"ನೀರಿನ ಕೊಡಾ ಎಲ್ಲಿಟ್ಟೀರಿ? ಇದರಾಗ ತುಂಬೀರೇನ ಅದನ್ನೂ?" ಎಂದು ಕಸ್ತೂರಿ ಎದ್ದಳು. "ಎತ್ರಿ ಈ ಟ್ರಂಕ. ಒಳಗ ಇಡ್ರಿ. ಹಂಚು ಬೇಕು ನನಗ, ಮುಂಜಾನಿಂದ ಏನೂ ಉಂಡಿಲ್ಲ."

ಅವನು ಸುಲಿದ ಕೈಯಿಂದಲೇ ಟ್ರಂಕನ್ನು ಎತ್ತಿಕೊಂಡು ಒಳಗೆ ಇಳಿದ.